ತಗಡಿನ ಕೊಳಲಿನ ವಯಸ್ಸು

ಆನ್‌ಲೈನ್‌ನಲ್ಲಿ ‘ವಿಕ್ಟೋರಿಯಾ ಕಾಲದ್ದು’ ಎಂದು ಮಾರುವ ತಗಡಿನ ಕೊಳಲುಗಳ ವಯಸ್ಸನ್ನು ಆಕಾರ ನೋಡಿ ಹೇಳಲಾಗದು. ಅದಕ್ಕೆ ಕಾರಣ ಇಂಗ್ಲೆಂಡಿನ ಸಫೋಕ್‌ನ ಕೂಲಿಯಾಳು ರಾಬರ್ಟ್ ಕ್ಲಾರ್ಕ್‌ನ ವಿನ್ಯಾಸ.

1843ರಲ್ಲಿ ಆತ ಮರದ ಪೀಪಿಯೊಂದನ್ನು ನೋಡಿ, ಅದನ್ನೇ ತವರ ಲೇಪಿಸಿದ ತಗಡಿನಲ್ಲಿ ಮಾಡಿದ. ಕೈಗಾಡಿಯಲ್ಲಿ ಸಲಕರಣೆ ಹೇರಿಕೊಂಡು, ದಾರಿಯುದ್ದಕ್ಕೂ ಕೊಳಲು ಮಾಡಿ ಮಾರುತ್ತ ಮ್ಯಾಂಚೆಸ್ಟರಿಗೆ ನಡೆದನೆಂದು ಹೇಳುತ್ತಾರೆ. ಅಗ್ಗದ ಈ ವಾದ್ಯ ಬಡವರ ಕೈಗೂ ಎಟುಕಿತು. ಐರಿಷ್ ಸಂಗೀತಕ್ಕೆ ಸಿಕ್ಕ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು ಎನ್ನಲು ಅಡ್ಡಿಯಿಲ್ಲ.

ಕ್ಲಾರ್ಕ್ ಮಾದರಿಯ ಗುರುತು ಸ್ಪಷ್ಟ: ತುದಿಗೆ ಕಿರಿದಾಗುವ ಸುರುಳಿ ಸುತ್ತಿದ ತಗಡು, ಬೆನ್ನಿನುದ್ದ ಜೋಡಣೆಯ ಗೆರೆ, ಆರು ರಂಧ್ರ, ಊದುವ ಬಾಯಲ್ಲಿ ಮರದ ಬೆಣೆ. ಆದರೆ ಈ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಹಾಗಾಗಿ ಆಕಾರವೊಂದೇ ಕಾಲವನ್ನು ಸಾರದು.

ಕೊಳಲಿನ ಮೇಲಿನ ಅಕ್ಷರಗಳು ನೆರವಾಗುತ್ತವೆ. 1890ರ ಅಮೆರಿಕದ ಸುಂಕ ಕಾನೂನು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು. ‘ಇಂಗ್ಲೆಂಡ್’ ಎಂಬ ಮುದ್ರೆಯಿದ್ದರೆ ಕೊಳಲು ಬಹುಶಃ ಆನಂತರದ್ದು. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಹಳೆಯದಾಗಬೇಕಿಲ್ಲ.

ಹಳೆಯ ಹಿತ್ತಾಳೆ ಕೊಳಲುಗಳ ಬಾಯಲ್ಲಿ ಹಲವೊಮ್ಮೆ ಸೀಸದ ಬೆಣೆ ಇರುತ್ತದೆ. ಅದು ವಯಸ್ಸಿನ ಸುಳಿವು, ಜತೆಗೆ ಆರೋಗ್ಯಕ್ಕೆ ಅಪಾಯ: ಅಂಥದ್ದನ್ನು ಬಾಯಿಗಿಡಬಾರದು. ಪ್ಲಾಸ್ಟಿಕ್ ಬಾಯಿಯಿದ್ದರೆ ವಿಕ್ಟೋರಿಯಾಳ ಹೆಸರೆತ್ತುವುದು ವ್ಯರ್ಥ.

ಇವು ರಾಶಿಗಟ್ಟಲೆ ತಯಾರಾದ ಸರಕು. ಹಳತೆಂಬುದಷ್ಟೇ ಬೆಲೆ ತರದು. ಕೊಳ್ಳುವ ಮೊದಲು ಬೆನ್ನಿನ ಜೋಡಣೆ, ಊದುವ ಬಾಯಿ ಎರಡರ ಹತ್ತಿರದ ಫೋಟೊ ಕೇಳಬೇಕು. ಮರದ ಬೆಣೆ ಬಿರಿದಿದ್ದರೆ, ಕುಗ್ಗಿದ್ದರೆ ಸ್ವರ ಕೆಡುತ್ತದೆ.