ಪೊಲೀಸ್ ನೇಮಕಾತಿಯಲ್ಲಿ ವ್ಯಕ್ತಿತ್ವ ಪರೀಕ್ಷೆ: ಥಾಣೆ, ನವಿಮುಂಬಯಿ

ಥಾಣೆ, ಕಲ್ಯಾಣ್, ಡೊಂಬಿವಲಿಗಳು 1981ರಲ್ಲಿ ಸ್ಥಾಪನೆಯಾದ ಥಾಣೆ ನಗರ ಪೊಲೀಸ್ ಆಯುಕ್ತಾಲಯಕ್ಕೆ ಸೇರಿವೆ. ನವಿಮುಂಬಯಿಗೆ 1994ರಲ್ಲಿ ಪ್ರತ್ಯೇಕ ಆಯುಕ್ತಾಲಯ ಬಂತು. ಪೇದೆಗಳ ಭರ್ತಿ ಎರಡರಲ್ಲೂ ಬೇರೆಬೇರೆ ನಡೆದರೂ ನಿಯಮ ಇಡೀ ಮಹಾರಾಷ್ಟ್ರಕ್ಕೆ ಒಂದೇ. ಆ ನಿಯಮದಲ್ಲಿ ಅಭ್ಯರ್ಥಿಯ ಸ್ವಭಾವಕ್ಕೆ ಅಂಕವಿಲ್ಲ.

ಅಂಕ ಇರುವುದು ಕಸುವಿಗೆ, ಓದಿಗೆ. ಥಾಣೆಯ ಸಾಕೇತ್ ಮೈದಾನದಲ್ಲಿ, ಕಳಂಬೋಲಿಯ ಪೊಲೀಸ್ ಮೈದಾನದಲ್ಲಿ ಎದೆಗೆ ನಂಬರು ಅಂಟಿಸಿಕೊಂಡ ಹುಡುಗರು 1600 ಮೀಟರ್ ಓಡುತ್ತಾರೆ. 5 ನಿಮಿಷ 10 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ತಿ 20 ಅಂಕ. 100 ಮೀಟರ್ ಓಟಕ್ಕೆ 15, ಗುಂಡು ಎಸೆತಕ್ಕೆ 15. ಬಳಿಕ 100 ಅಂಕದ ಲಿಖಿತ ಪರೀಕ್ಷೆ: ಗಣಿತ, ಸಾಮಾನ್ಯ ಜ್ಞಾನ, ಮರಾಠಿ ವ್ಯಾಕರಣ, ಬುದ್ಧಿ ಪರೀಕ್ಷೆ.

ಪೊಲೀಸ್ ಭರ್ತಿಗೆ ಮನೋವಿಜ್ಞಾನ ಕಾಲಿಟ್ಟದ್ದು ಈ ಬುದ್ಧಿ ಪರೀಕ್ಷೆಯ ಮೂಲಕವೇ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಮನೋವಿಜ್ಞಾನಿ ಲೂಯಿಸ್ ಟರ್ಮನ್ ಪೊಲೀಸ್ ಮತ್ತು ಅಗ್ನಿಶಾಮಕ ಹುದ್ದೆ ಬಯಸಿದ 30 ಮಂದಿಯ ಬುದ್ಧಿಮತ್ತೆ ಅಳೆದು 1917ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಭಾವದ ಸರದಿ ಬಂದದ್ದು ತಡವಾಗಿ. ಹ್ಯಾಥವೇ ಮತ್ತು ಮೆಕಿನ್ಲಿ 1943ರಲ್ಲಿ ಹೊರತಂದ ಮಿನೆಸೋಟ ವ್ಯಕ್ತಿತ್ವ ಪ್ರಶ್ನಾವಳಿ ಮೂಲತಃ ಆಸ್ಪತ್ರೆಯ ಸಾಧನ. ಅಮೆರಿಕದ ಪೊಲೀಸರು ಅದನ್ನು ಎರವಲು ಪಡೆದರು. 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎನ್ನಬೇಕು. ನನಗೆ ಸಿಟ್ಟೇ ಬರುವುದಿಲ್ಲ ಎಂಬ ಧಾಟಿಯಲ್ಲಿ ತನ್ನನ್ನು ದೋಷವೇ ಇಲ್ಲದವನಂತೆ ತೋರಿಸಿಕೊಳ್ಳುವವನನ್ನು ಹಿಡಿಯಲೆಂದೇ ಅದರಲ್ಲೊಂದು ಮಾಪಕವಿದೆ.

ಭಾರತದಲ್ಲಿ ಈ ದಾರಿ ಹಿಡಿದದ್ದು ಸೈನ್ಯ. 1943ರಲ್ಲಿ ಡೆಹ್ರಾಡೂನಿನಲ್ಲಿ ಆಯ್ಕೆ ಮಂಡಳಿಯ ಪ್ರಯೋಗ ನಡೆಯಿತು. ಇಂದು ಸೇನಾಧಿಕಾರಿಯಾಗಬಯಸುವ ಕಲ್ಯಾಣದ ಯುವಕ ಚಿತ್ರ ನೋಡಿ ಕಥೆ ಬರೆಯಬೇಕು, 60 ಪದಗಳಿಗೆ ತಲಾ 15 ಸೆಕೆಂಡಿನಲ್ಲಿ ವಾಕ್ಯ ಹೊಸೆಯಬೇಕು. ಐಪಿಎಸ್‌ಗೆ ಹೋಗುವವರು ಎದುರಿಸುವ 275 ಅಂಕದ ‘ವ್ಯಕ್ತಿತ್ವ ಪರೀಕ್ಷೆ’ ವಾಸ್ತವದಲ್ಲಿ ಸಂದರ್ಶನ. ಪೇದೆಗೆ ಅದೂ ಇಲ್ಲ. ಗಂಡಹೆಂಡಿರ ಜಗಳಕ್ಕೆ, ಗಣಪತಿ ವಿಸರ್ಜನೆಯ ನೂಕುನುಗ್ಗಲಿಗೆ ಮೊದಲು ಎದುರಾಗುವವನು ಅವನೇ ಆದ್ದರಿಂದ ಇದು ಗಂಭೀರ ಕೊರತೆ.

ಹಾಗೆಂದು ಪರದೇಶದ ಪ್ರಶ್ನಾವಳಿಯನ್ನು ಮರಾಠಿಗೆ ಅನುವಾದಿಸಿದರೆ ಸಾಲದು. ಇಲ್ಲಿನ ಯುವಜನರ ಉತ್ತರಗಳಿಂದಲೇ ಅದರ ಮಾನದಂಡ ರೂಪುಗೊಳ್ಳಬೇಕು. ಬರೀ ಅಂಕ ನೋಡಿ ಯಾರನ್ನೂ ತಳ್ಳಿಹಾಕಬಾರದು. ಪರಿಣತ ಮನೋವಿಜ್ಞಾನಿ ಅಭ್ಯರ್ಥಿಯ ಎದುರು ಕೂತು ಮಾತಾಡಿಸಿಯೇ ಅಭಿಪ್ರಾಯ ಕೊಡಬೇಕು.