ಬಸರಾಳಿನ ಕಲ್ಲು, ವೆಲ್ಲೆಸ್ಲಿಯ ಕಾಗದ: ಒಂದು ಸಂಶೋಧನಾ ಟಿಪ್ಪಣಿ

ಮಂಡ್ಯ ಸೀಮೆಯ ಚರಿತ್ರೆ ಬರೆಯುವವರಿಗೆ ಆರ್ಥರ್ ವೆಲ್ಲೆಸ್ಲಿ ಎಂದರೆ 1799ರ ದಂಡಿನಲ್ಲಿ ಬಂದ ಒಬ್ಬ ಕರ್ನಲ್, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್. ಸಾಮಾನ್ಯವಾಗಿ ಎರಡು ವಾಕ್ಯಕ್ಕೆ ಅವನ ಪ್ರಸ್ತಾಪ ಮುಗಿದುಹೋಗುತ್ತದೆ. ಮಳವಳ್ಳಿಯ ಬಯಲಿನಲ್ಲಿ ಅವನು ಮಾಡಿದ ಯುದ್ಧಕ್ಕಿಂತ ಶ್ರೀರಂಗಪಟ್ಟಣದಲ್ಲಿ ಕೂತು ಬರೆದ ಕಾಗದಗಳೂ ಕುದುರಿಸಿದ ಕರಾರುಗಳೂ ಈ ಜಿಲ್ಲೆಯ ಚರಿತ್ರೆಗೆ ಹೆಚ್ಚು ಬೇಕಾದವು ಎಂಬುದು ಈ ಟಿಪ್ಪಣಿಯ ವಾದ. ಅವನ ರಾಯಭಾರದ ಪಾಠಶಾಲೆ ಇದ್ದದ್ದು ಯುರೋಪಿನಲ್ಲಲ್ಲ, ಕಾವೇರಿಯ ನಡುಗಡ್ಡೆಯಲ್ಲಿ.

ಇಂಥ ವಾದವನ್ನು ಇದೇ ಸೀಮೆಯ ಬಸರಾಳಿನ ಕಡೆಯಿಂದ ನೋಡಲು ಕಾರಣವಿದೆ. ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ ಕಟ್ಟಿಸಿದವನು ಹರಿಹರ ದಣ್ಣಾಯಕ. ಹೊರಗೋಡೆಯ ಶಿಲ್ಪಗಳನ್ನು ನೋಡಲು ಬರುವವರಲ್ಲಿ ಎಷ್ಟು ಜನ ಶಾಸನದ ಕಲ್ಲಿನ ಮುಂದೆ ನಿಲ್ಲುತ್ತಾರೋ ತಿಳಿಯದು. ನಿಂತವರಿಗೆ ಮಾತ್ರ ಆ ಕಾಲದ ದಂಡನಾಯಕ ಬರೀ ಕತ್ತಿ ಹಿಡಿದವನಲ್ಲ ಎಂಬುದು ತಿಳಿಯುತ್ತದೆ. ದಂಡು ನಡೆಸುವುದು, ಸಂಧಿ ಮಾಡಿಸುವುದು, ದತ್ತಿ ಬಿಡುವುದು, ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಸುವುದು ಹೊಯ್ಸಳರ ಕಾಲದಲ್ಲಿ ಒಂದೇ ವರ್ಗದವರ ಕೆಲಸ. ಅದೇ ನರಸಿಂಹನ ಇನ್ನೊಬ್ಬ ದಂಡನಾಥ ಪೋಲಾಳ್ವ 1224ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ. ಅವನಿಗೆ ಕವಿಯೆಂಬ ಹೆಸರೂ ಇತ್ತು. ಕುಲೀನ ಮನೆತನ, ಸೈನ್ಯ, ರಾಯಭಾರ, ಬರವಣಿಗೆ ಒಬ್ಬನಲ್ಲೇ ಕೂಡಿದ್ದನ್ನು ಈ ನೆಲ ಬಹಳ ಹಿಂದೆಯೇ ಕಂಡಿತ್ತು. ವೆಲ್ಲೆಸ್ಲಿಯೂ ಆ ಬಗೆಯವನೇ. ಅವನು ಬಿಟ್ಟುಹೋದ ದಾಖಲೆ ಊರಿನಲ್ಲಿ ಉಳಿಯಲಿಲ್ಲ, ಲಂಡನ್ನಿನ ಅಚ್ಚುಮನೆ ಸೇರಿತು.

ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಡಬ್ಲಿನ್ನಿನಲ್ಲಿ. ತಂದೆ ಮಾರ್ನಿಂಗ್ಟನ್ನಿನ ಅರ್ಲ್ ಗ್ಯಾರೆಟ್ ವೆಸ್ಲಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಮೀತ್ ಕೌಂಟಿಯ ಡಂಗನ್ ಕೋಟೆ ಮನೆತನದ ಆಸ್ತಿ. ಇಂಗ್ಲೆಂಡಿನಿಂದ ಹೋಗಿ ಐರ್ಲೆಂಡಿನಲ್ಲಿ ಜಮೀನು, ಅಧಿಕಾರ ಎರಡನ್ನೂ ಹಿಡಿದಿದ್ದ ಪ್ರೊಟೆಸ್ಟೆಂಟ್ ಮನೆತನಗಳ ಸಾಲಿಗೆ ಇದು ಸೇರಿದ್ದು. ಇವರನ್ನೇ ಆಂಗ್ಲೋ-ಐರಿಷ್ ಎನ್ನುವುದು. ಸುತ್ತಲಿನ ರೈತರು ಕ್ಯಾಥೊಲಿಕರು, ಮೇಲಿನ ಯಜಮಾನರು ಲಂಡನ್ನಿನವರು, ನಡುವೆ ಇವರು. ಆರ್ಥರ್ 1790ರಲ್ಲಿ ಟ್ರಿಮ್ ಕ್ಷೇತ್ರದಿಂದ ಐರಿಷ್ ಪಾರ್ಲಿಮೆಂಟಿಗೆ ಆರಿಸಿಬಂದ. ತಂದೆಯಿಂದ ಬಂದ ಪಿಟೀಲಿನ ಗೀಳನ್ನು 1793ರಲ್ಲಿ ವಾದ್ಯಗಳ ಸಮೇತ ಸುಟ್ಟುಹಾಕಿ ಸೈನ್ಯದ ಕೆಲಸಕ್ಕೆ ಗಟ್ಟಿಯಾಗಿ ನಿಂತ. 1797ರಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಅವನ ಪೆಟ್ಟಿಗೆಗಳಲ್ಲಿ ಸ್ವಿಫ್ಟ್, ಲಾಕ್, ವೋಲ್ಟೇರ್, ಆಡಂ ಸ್ಮಿತ್, ಬ್ಲ್ಯಾಕ್‌ಸ್ಟನ್ನನ ಕಾನೂನು ಗ್ರಂಥ, ಪಾರಸಿ ವ್ಯಾಕರಣ ಎಲ್ಲ ಇದ್ದವು. ಬರೀ ಸಿಪಾಯಿಯ ಪೆಟ್ಟಿಗೆ ಹೀಗಿರುವುದಿಲ್ಲ.

ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕುದುರೆಯಾಗುವುದಿಲ್ಲ ಎಂದು ಹೇಳಿ ಅವನು ತನ್ನ ಐರಿಷ್ ಹುಟ್ಟನ್ನು ತಳ್ಳಿಹಾಕಿದನೆಂಬ ಪ್ರಸಿದ್ಧ ಕತೆಯೊಂದಿದೆ. ಆ ಮಾತು ಅವನದಲ್ಲ. ಅವನನ್ನು ಹಂಗಿಸಲು ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಆಡಿದ್ದು.

ಮಂಡ್ಯಕ್ಕೂ ಐರ್ಲೆಂಡಿಗೂ ಆ ದಶಕದಲ್ಲಿ ಇನ್ನೊಂದು ನಂಟಿತ್ತು, ಅದರತ್ತ ನಮ್ಮವರ ಗಮನ ಹೋದದ್ದು ಕಡಿಮೆ. 1791–92ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಕಾರ್ನ್‌ವಾಲಿಸನೇ 1798ರಲ್ಲಿ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟನಾಗಿ ಹೋಗಿ ಅಲ್ಲಿಯ ದಂಗೆ ಅಡಗಿಸಿದ. 1801ರ ಜನವರಿ 1ರಂದು ಐರ್ಲೆಂಡ್ ತನ್ನ ಪಾರ್ಲಿಮೆಂಟನ್ನು ಕಳೆದುಕೊಂಡು ಬ್ರಿಟನ್ನಿನಲ್ಲಿ ಸೇರಿಹೋಯಿತು. ಆರ್ಥರ್ ಒಮ್ಮೆ ಕೂತಿದ್ದ ಸಭೆ ಮುಚ್ಚಿಹೋಗುವ ಹೊತ್ತಿಗೆ ಅವನು ಇಲ್ಲಿ ಮೈಸೂರಿನ ಅರಸೊತ್ತಿಗೆಗೆ ಕಂಪನಿಯ ಕಡಿವಾಣ ಹಾಕುವ ಕೆಲಸದಲ್ಲಿದ್ದ. ಅಲ್ಲಿ ಸಭೆಯೇ ಹೋಯಿತು, ಇಲ್ಲಿ ಅರಸೊತ್ತಿಗೆಯ ಹೊರಗಿನ ಅಂಗ ಉಳಿಯಿತು; ಎರಡು ಕಡೆಯೂ ಅಧಿಕಾರ ಬೇರೆ ಕಡೆಗೆ ಹೋಯಿತು.

ಮಳವಳ್ಳಿಯ ಯುದ್ಧದ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. 1799ರ ಮಾರ್ಚಿ 27ರಂದು ನಡೆದ ಆ ಕಾಳಗದ ಮುಖ್ಯ ಸೇನಾಪತಿ ಜನರಲ್ ಹ್ಯಾರಿಸ್. ಟಿಪ್ಪು ಮದ್ದೂರು ಹೊಳೆಯ ಬಳಿ ಕಾದಿದ್ದ. ಹಿಂದಿನ ಸಲ ಕಾರ್ನ್‌ವಾಲಿಸ್ ಬಂದ ದಾರಿಯನ್ನು ಮೇವಿಲ್ಲದಂತೆ ಹಾಳುಗೆಡವಿಸಿದ್ದ. ಹ್ಯಾರಿಸ್ ಕಾನಕಾನಹಳ್ಳಿಯ ದಾರಿ ಹಿಡಿದು ಮಳವಳ್ಳಿಗೆ ಬಂದ. ನಿಜಾಮನ ಸೈನ್ಯವೂ 33ನೆಯ ರೆಜಿಮೆಂಟೂ ಸೇರಿದ ಎಡ ಪಾರ್ಶ್ವ ವೆಲ್ಲೆಸ್ಲಿಯದು. ಟಿಪ್ಪುವಿನ ಕಾಲಾಳುಗಳ ಒಂದು ಪಡೆ ನೇರ ಅವನ ಮೇಲೆ ಬಿದ್ದು ಚದುರಿತು, ಫ್ಲಾಯ್ಡ್‌ನ ಕುದುರೆ ದಂಡು ಅಟ್ಟಿಸಿಕೊಂಡು ಹೋಯಿತು. ಹೈದರ್ ತನ್ನ ಮಗನಿಗೆ ಜಹಗೀರಾಗಿ ಕೊಟ್ಟಿದ್ದ, ಹಣ್ಣಿನ ತೋಟಗಳಿಗೆ ಹೆಸರಾಗಿದ್ದ ಮಳವಳ್ಳಿ ಆ ದಿನಗಳಲ್ಲಿ ಹಾಳಾಯಿತು. ಊರಿನ ಪಾಲಿಗೆ ದೊಡ್ಡ ಘಟನೆ ಅದು. ದಂಡಿನವರ ಪತ್ರಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ, ಮೇವು ಸಿಗುವ ದಕ್ಷಿಣ ದಂಡೆ ಹಿಡಿದು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಹೋದ.

ವೆಲ್ಲೆಸ್ಲಿಯ ಬದುಕಿನಲ್ಲಿ ಮಳವಳ್ಳಿಗಿಂತ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪು ಹೆಚ್ಚು ಆಳವಾಗಿ ನಾಟಿತು. ಏಪ್ರಿಲ್ 5ರ ರಾತ್ರಿ ಆ ತೋಪಿನ ಮೇಲೆ ಹೋದ ಅವನ ಪಡೆ ಕತ್ತಲಲ್ಲಿ ದಿಕ್ಕು ತಪ್ಪಿತು. ಹನ್ನೆರಡು ಸಿಪಾಯಿಗಳು ಸೆರೆಸಿಕ್ಕಿ ಆಮೇಲೆ ಕೊಲೆಯಾದರು. ಹಗಲು ನೋಡದ ಜಾಗದ ಮೇಲೆ ರಾತ್ರಿ ಇನ್ನೆಂದೂ ಹೋಗುವುದಿಲ್ಲ ಎಂಬ ಅರ್ಥದಲ್ಲಿ ಅಣ್ಣ ರಿಚರ್ಡನಿಗೆ ಕಾಗದ ಬರೆದ. ಆ ಅಣ್ಣ ಆಗ ಗವರ್ನರ್ ಜನರಲ್. ಪತ್ರಗಾರ ವೆಲ್ಲೆಸ್ಲಿಯ ಗುಣ ಇಲ್ಲಿಯೇ ಕಾಣುತ್ತದೆ: ಸೋಲನ್ನು ಅಲಂಕಾರದಿಂದ ಮುಚ್ಚುವುದಿಲ್ಲ, ಅದರಿಂದ ಒಂದು ನಿಯಮ ತೆಗೆಯುತ್ತಾನೆ.

ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಹಿಂದೆ ಅದೇ ಕೋಟೆಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಕೋಟೆಯ ಅಧಿಕಾರ ಸಿಕ್ಕಿದ್ದು ಮಾತ್ರ ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡನ ಸಿಟ್ಟು ನ್ಯಾಯವಾದದ್ದೇ. ಆದರೂ ಲೂಟಿಯನ್ನು ಗಲ್ಲು, ಛಡಿ ಎರಡರಿಂದಲೂ ನಿಲ್ಲಿಸಿ ಪೇಟೆ ಮತ್ತೆ ತೆರೆಯುವಂತೆ ಮಾಡಿದವನು ವೆಲ್ಲೆಸ್ಲಿ ಎಂಬುದನ್ನೂ ಬರೆಯಬೇಕು.

ಮುಂದಿನ ಎರಡು ತಿಂಗಳನ್ನು ನಮ್ಮ ಪಠ್ಯಪುಸ್ತಕಗಳು ಹಾರಿಬಿಡುತ್ತವೆ. ಟಿಪ್ಪುವಿನ ರಾಜ್ಯ ಹಂಚಲು ನೇಮಿಸಿದ ಆಯೋಗದಲ್ಲಿ ಐವರಿದ್ದರು: ಹ್ಯಾರಿಸ್, ಆರ್ಥರ್ ವೆಲ್ಲೆಸ್ಲಿ, ಅವನ ತಮ್ಮ ಹೆನ್ರಿ ವೆಲ್ಲೆಸ್ಲಿ, ವಿಲಿಯಂ ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಕಾರ್ಯದರ್ಶಿಗಳು ಜಾನ್ ಮಾಲ್ಕಂ, ಥಾಮಸ್ ಮನ್ರೋ. ಐವರಲ್ಲಿ ಇಬ್ಬರು ಡಂಗನ್ ಕೋಟೆಯ ಅಣ್ಣತಮ್ಮಂದಿರು. ಕ್ಲೋಸ್ ಕೂಡ ಐರ್ಲೆಂಡಿನ ಆರ್ಮಾ ಕಡೆಯವನು, ಪಾರಸಿ ಬಲ್ಲವನು. ಜೂನ್ 22ರಂದು ಹಂಚಿಕೆಯ ಒಪ್ಪಂದವಾಯಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಜುಲೈ 8ರ ಸಹಾಯಕ ಸೈನ್ಯದ ಕರಾರಿನಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕೆಂದು ಗೊತ್ತಾಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಪೂರ್ಣಯ್ಯ ದಿವಾನರಾಗಿ ಮುಂದುವರಿದರು, ಕ್ಲೋಸ್ ಮೊದಲ ರೆಸಿಡೆಂಟನಾದ. ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತ ಕಟ್ಟುವ ಕಂದಾಯದಲ್ಲಿ ಒಂದು ಪಾಲು ಹೊರಗಿನ ಸೈನ್ಯದ ಸಂಬಳಕ್ಕೆ ಹೋಗುವ ಏರ್ಪಾಡು ಈ ಕಾಗದಗಳಿಂದ ಶುರುವಾಯಿತು. ಆ ವರ್ಷ ಮಳವಳ್ಳಿಯಲ್ಲಿ ಹಾರಿದ ಗುಂಡುಗಳಿಗಿಂತ ಈ ಸಹಿಗಳ ಪರಿಣಾಮ ದೀರ್ಘವಾದದ್ದು.

ವೆಲ್ಲೆಸ್ಲಿ ವಾಸಕ್ಕೆ ಆರಿಸಿಕೊಂಡದ್ದು ದರಿಯಾ ದೌಲತ್ ಬಾಗ್. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರ, ಇಂಗ್ಲಿಷರ ಸೋಲಿನ ಚಿತ್ರ. ಬೇರ್ಡ್ ಸೆರೆಸಿಕ್ಕಿದ್ದು ಆ ಯುದ್ಧದಲ್ಲೇ. ಮುತ್ತಿಗೆಗೆ ಮುಂಚೆ ಕೆಟ್ಟಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ಸರಿಮಾಡಿಸಿದ. ಮುಂದೆ ಮತ್ತೆ ಸುಣ್ಣ ಬಿದ್ದಾಗ ಡಾಲ್‌ಹೌಸಿಯ ಕಾಲದಲ್ಲಿ ಹೊಸದಾಗಿ ಬರೆಸಬೇಕಾಯಿತು. ತನ್ನವರ ಸೋಲನ್ನು ಗೋಡೆಯ ಮೇಲೆ ಉಳಿಸಿಕೊಂಡು ಅದೇ ಮನೆಯಲ್ಲಿ ಕೂತು ಬರೆದವನ ಮನಸ್ಸು ಸಣ್ಣದಾಗಿರಲಿಲ್ಲ ಎನ್ನುವುದು ನನ್ನ ತೀರ್ಮಾನ.

ಅಲ್ಲಿಂದ ಅವನು ಕ್ಲೋಸನಿಗೆ ಬರೆದ ಕಾಗದಗಳೇ ಈ ಟಿಪ್ಪಣಿಯ ಮುಖ್ಯ ಆಧಾರವಸ್ತು. ಎತ್ತು, ಅಕ್ಕಿ, ದಾರಿ, ಹೊಳೆಯ ನೀರಿನ ಮಟ್ಟ, ಬಂಜಾರರಿಗೆ ಕೊಡಬೇಕಾದ ಬಾಕಿ: ಇವು ಅವನ ವಿಷಯ. ಕೋಟೆಯ ಉಗ್ರಾಣದಲ್ಲಿ ತನ್ನವರೇ ನಡೆಸಿದ ಕಳವು ಬಯಲಾದಾಗ ಅದನ್ನು ಮುಚ್ಚದೆ ಮೇಲಕ್ಕೆ ಬರೆದ. ವಾಕ್ಯ ಚಿಕ್ಕದು, ಕ್ರಿಯಾಪದ ನೇರ, ವಿಶೇಷಣ ಕಡಿಮೆ. ಸ್ವಿಫ್ಟನನ್ನು ಓದಿದ ಕೈ ಎಂದು ಹೇಳಲು ಆಸೆಯಾಗುತ್ತದೆ. ಅಷ್ಟು ದೂರ ನಾನು ಹೋಗುವುದಿಲ್ಲ. ಗದ್ಯಕಾರನೆಂದು ಕರೆಯಲು ಹಿಂಜರಿಯಬೇಕಿಲ್ಲ.

ಆ ಗದ್ಯದ ಇನ್ನೊಂದು ಮುಖ ಕಠಿಣ. ಶ್ರೀರಂಗಪಟ್ಟಣದ ಸೆರೆಯಿಂದ 1799ರಲ್ಲಿ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಕೊಂದ. ಅವನ ಮಗ ಸಲಾಬತ್ ಖಾನನನ್ನು ತಾನೇ ಸಾಕಿ, ಹೋಗುವಾಗ ಅವನಿಗಾಗಿ ಹಣ ಇಟ್ಟುಹೋದ. 1802ರಲ್ಲಿ ಬಲಂ ಸೀಮೆಯ ಕೃಷ್ಣಪ್ಪ ನಾಯಕನಿಗೆ ಗಲ್ಲಾಯಿತು. ಅಲ್ಲಿ ಕನಿಕರದ ಸುಳಿವಿಲ್ಲ. ಎರಡೂ ಸಂಗತಿಗಳನ್ನು ಅವನು ಒಂದೇ ಧ್ವನಿಯಲ್ಲಿ ಬರೆಯುತ್ತಾನೆ. ಇಂಗ್ಲಿಷ್ ಜೀವನಚರಿತ್ರೆಕಾರರು ಮಗುವಿನ ಕತೆ ಹಿಗ್ಗಿಸಿ ಗಲ್ಲಿನ ಕತೆ ಕುಗ್ಗಿಸುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಆ ಅನುಪಾತ ಒಪ್ಪುವ ಅಗತ್ಯವಿಲ್ಲ.

ಇಲ್ಲಿ ಕಲಿತದ್ದು ಬೇಗನೆ ಉಪಯೋಗಕ್ಕೆ ಬಂತು. 1803ರ ಮಾರ್ಚಿಯಲ್ಲಿ ಹರಿಹರದಿಂದ, ಪೋಲಾಳ್ವನ ಗುಡಿಯ ಊರಿನಿಂದಲೇ, ಮರಾಠರ ಕಡೆಗೆ ಹೊರಟ. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಗೆದ್ದ. ಡಿಸೆಂಬರಿನಲ್ಲಿ ಭೋಂಸ್ಲೆಯೊಡನೆ ದೇವಗಾಂವದ ಸಂಧಿ, ಸಿಂಧಿಯನೊಡನೆ ಸುರ್ಜಿ ಅಂಜನಗಾಂವದ ಸಂಧಿ. ಎರಡನ್ನೂ ತಾನೇ ಕೂತು ಮಾತಾಡಿ ಮುಗಿಸಿದ. ದಂಡಿನ ಗಾಡಿ ಎಳೆದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಮುಂದೆ ಸ್ಪೇನಿನಲ್ಲಿ ಹೋರಾಡುವಾಗ ಆ ಎತ್ತುಗಳಿಲ್ಲವೆಂದು ಕೊರಗಿದನಂತೆ. 1804ರಲ್ಲಿ ಶ್ರೀರಂಗಪಟ್ಟಣದ ನಿವಾಸಿಗಳು ಅವನಿಗೆ ಬಿನ್ನವತ್ತಳೆ ಅರ್ಪಿಸಿದರು. 1805ರಲ್ಲಿ ಇಂಡಿಯಾ ಬಿಡುವಾಗ ಪೂರ್ಣಯ್ಯನವರಿಗೆ ಕೃತಜ್ಞತೆಯ ಕಾಗದ ಬರೆದು ತನ್ನ ಚಿತ್ರಪಟ ಕಳಿಸಿದ. 1814ರಲ್ಲಿ ಪ್ಯಾರಿಸ್ಸಿನ ರಾಯಭಾರಿ, 1815ರಲ್ಲಿ ವಿಯೆನ್ನಾ ಸಮ್ಮೇಳನದ ಪ್ರತಿನಿಧಿ, 1822ರಲ್ಲಿ ವೆರೋನಾ, 1826ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್, 1828ರಲ್ಲಿ ಪ್ರಧಾನಿ. ಆ ಅಧಿಕಾರದಲ್ಲಿದ್ದಾಗಲೇ, 1829ರಲ್ಲಿ, ಐರ್ಲೆಂಡಿನ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು.

ಮೂವರು ಅಣ್ಣತಮ್ಮಂದಿರನ್ನು ಕಲಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಆರ್ಥರನ ಹೆಸರೆಂದು ಅನೇಕರು ಬರೆಯುತ್ತಾರೆ. ಪೂರ್ಣಯ್ಯ 1804ರಲ್ಲಿ ಮುಗಿಸಿದ ಆ ಕಲ್ಲುಕಂಬಗಳ ಸೇತುವೆಗೆ ಇಟ್ಟದ್ದು ಗವರ್ನರ್ ಜನರಲ್ ರಿಚರ್ಡನ ಹೆಸರು. ರಿಚರ್ಡ್ ಲ್ಯಾಟಿನ್ ಕವಿ, ಮುಂದೆ ಸ್ಪೇನಿಗೆ ರಾಯಭಾರಿ, ವಿದೇಶಾಂಗ ಮಂತ್ರಿ; ಮೈಸೂರು ಗೆದ್ದದ್ದಕ್ಕೆ ತನಗೆ ಸಿಕ್ಕ ಮಾರ್ಕ್ವಿಸ್ ಪದವಿ ಐರಿಷ್ ಪಟ್ಟಿಯದೆಂದು ಕುದಿದುಹೋದವನು. ಹೆನ್ರಿ ಮ್ಯಾಡ್ರಿಡ್, ವಿಯೆನ್ನಾ, ಪ್ಯಾರಿಸ್ಸುಗಳಲ್ಲಿ ರಾಯಭಾರಿಯಾಗಿ 1847ರಲ್ಲಿ ತೀರಿಕೊಂಡ.

ಆಕರಗಳ ವಿಷಯ. ವೆಲ್ಲೆಸ್ಲಿಯ ಪತ್ರಗಳನ್ನು ಗರ್ವುಡ್ 1834ರಿಂದ ಅಚ್ಚು ಹಾಕಿಸಿದ. ಮಗ, ಎರಡನೆಯ ಡ್ಯೂಕ್, 1858ರಿಂದ ಪೂರಕ ಸಂಪುಟಗಳನ್ನು ಹೊರತಂದ. ಮೈಸೂರಿನ ಕಾಲದ್ದು ಅದರ ಮೊದಲ ಸಂಪುಟಗಳಲ್ಲಿದೆ. ಈ ಪತ್ರಗಳಿಗೆ ಕಾಣುವುದು ದಾರಿ, ಧಾನ್ಯ, ಕೋಟೆ, ಪಾಳೆಯಗಾರ. ಊರೊಳಗಿನ ದೇವಾಲಯ, ದತ್ತಿ, ಕೆರೆಯ ತೂಬು, ಜಾತಿಯ ಕಟ್ಟುಪಾಡು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಬಸರಾಳಿನಂಥ ಊರಿಗೆ ದಂಡಿನ ದಾರಿ ತಾಗದಿದ್ದರೆ ಆ ಊರು ಕಾಗದದಲ್ಲಿ ಇಲ್ಲವೇ ಇಲ್ಲ. ಆ ಕೊರತೆ ತುಂಬಲು ಎರಡು ಬಗೆಯ ಕನ್ನಡ ಆಕರಗಳಿವೆ. ಒಂದು, ರೈಸ್ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಕದ ಸಂಪುಟಗಳಲ್ಲಿರುವ ಈ ತಾಲ್ಲೂಕುಗಳ ಶಾಸನಗಳು. ಇನ್ನೊಂದು, ಮುತ್ತಿಗೆಯಲ್ಲಿ ಎಂಜಿನಿಯರನಾಗಿದ್ದ ಕಾಲಿನ್ ಮೆಕೆಂಝಿ ಮೈಸೂರಿನ ಸರ್ವೆಯ ಜೊತೆಗೆ ಸಂಗ್ರಹಿಸಿದ ಕೈಫಿಯತ್ತುಗಳು. ದೇವಚಂದ್ರನ ರಾಜಾವಳಿ ಕಥೆಯ ಹಿಂದೆಯೂ 1804ರಲ್ಲಿ ಕನಕಗಿರಿಗೆ ಬಂದ ಮೆಕೆಂಝಿಯ ಒತ್ತಾಸೆಯಿದೆ.

ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಆದ್ದರಿಂದ ಅದರ ಹಳೆಯ ದಾಖಲೆ ಮೈಸೂರಿನ ಹೆಸರಿನಡಿ ಹರಡಿಕೊಂಡಿದೆ. ಮಂಡ್ಯ, ಮಳವಳ್ಳಿ, ಮದ್ದೂರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಕೆಲಸ ಕೈಗೆತ್ತಿಕೊಳ್ಳಬೇಕು: 1799ರಿಂದ 1805ರವರೆಗಿನ ಈ ಪತ್ರಗಳಲ್ಲಿ ಬರುವ ಊರುಗಳ ಹೆಸರುಗಳನ್ನು ಗುರುತಿಸಿ, ಆಯಾ ಊರಿನ ಶಾಸನ, ಕೈಫಿಯತ್ತುಗಳ ಜೊತೆ ಜೋಡಿಸಿ, ಪತ್ರಗಳನ್ನು ಕನ್ನಡಕ್ಕೆ ತರಬೇಕು. ಮಳವಳ್ಳಿಯಿಂದ ಶುರುಮಾಡುವುದು ಒಳ್ಳೆಯದು.