ಹೆಸರಿನ ಕೊನೆಯ ‘ರೋಡ್’: ಗಡಿನಾಡಿನ ಹಳಿಗಳು ಮತ್ತು ಒಂದು ರೈಲು ಸಮ್ಮೇಳನ

ಅಕ್ಕಲಕೋಟ ರೋಡ್, ಜತ್ತ ರೋಡ್ ಎಂಬ ಹೆಸರುಗಳು ನಮ್ಮ ಭಾಗದ ರೈಲು ನಿಲ್ದಾಣಗಳ ಫಲಕಗಳಲ್ಲಿ ಇಂದಿಗೂ ಇವೆ. ಇಂದಿನ ಕುರ್ಡುವಾಡಿಗೂ ಒಂದು ಕಾಲದಲ್ಲಿ ‘ಬಾರ್ಶಿ ರೋಡ್’ ಎಂಬ ಹೆಸರಿತ್ತು. ರೈಲ್ವೆಯ ಪರಿಭಾಷೆಯಲ್ಲಿ ಈ ‘ರೋಡ್’ ಎಂಬ ಮಾತಿಗೆ ವಿಶೇಷಾರ್ಥವುಂಟು. ಊರು ಇಲ್ಲಿಲ್ಲ, ಇಲ್ಲಿಳಿದು ರಸ್ತೆ ಹಿಡಿದರೆ ಊರು ಸಿಗುತ್ತದೆ ಎಂಬುದೇ ಅದರ ಸೂಚನೆ. ಮುಖ್ಯಮಾರ್ಗವು ಮುಂಬಯಿಯನ್ನೂ ಮದರಾಸನ್ನೂ ಜೋಡಿಸುವ ಉದ್ದೇಶದಿಂದ ಹೊರಟದ್ದು. ನಡುವಿನ ಊರುಗಳು ಅದಕ್ಕೆ ತಲುಪಲು ಎತ್ತಿನ ಗಾಡಿಯನ್ನು ಹೂಡಬೇಕಾಗಿತ್ತು. ನಮ್ಮ ಶಾಲೆಗೆ ನೂರು ತುಂಬಿದ ಈ ಸಂದರ್ಭದಲ್ಲಿ ನಮ್ಮ ಹಿರಿಯರ ಬದುಕನ್ನು ರೂಪಿಸಿದ ಆ ಹಳಿಗಳ ಚರಿತ್ರೆಯನ್ನು ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1860ರಲ್ಲಿ ಸೋಲಾಪುರವನ್ನು ಮುಟ್ಟಿತು. 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಅದು ಕೂಡಿಕೊಂಡಿತು. ಇದು 1676 ಮಿಲಿಮೀಟರಿನ ಬ್ರಾಡ್‌ಗೇಜ್. 1876–78ರ ಭೀಕರ ಕ್ಷಾಮದ ಬಳಿಕ, ಹಸಿದ ನಾಡಿಗೆ ಧಾನ್ಯ ಸಾಗಿಸುವ ಅಗತ್ಯವನ್ನು ಮನಗಂಡ ಸರ್ಕಾರದ ಪ್ರೋತ್ಸಾಹದಿಂದ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಸೋಲಾಪುರದ ಬಳಿಯ ಹೋಟಗಿಯಿಂದ ವಿಜಾಪುರದ ಮೂಲಕ ಗದಗಿಗೆ ಅದರ ಮೀಟರ್‌ಗೇಜ್ ಹಳಿ ಹರಿಯಿತು. ಗಡಿಯಾಚೆಯ ಕನ್ನಡ ನಾಡಿನೊಡನೆ ನಮ್ಮನ್ನು ಬೆಸೆದದ್ದು ಇದೇ ಮಾರ್ಗ. ಮೂರನೆಯದು ಬಾರ್ಶಿ ಲೈಟ್ ರೈಲ್ವೆಯ 762 ಮಿಲಿಮೀಟರಿನ ಕಿರುಹಳಿ. ಹೀಗೆ ಒಂದೇ ಜಿಲ್ಲೆಯಲ್ಲಿ ಮೂರು ಅಳತೆಯ ಹಳಿಗಳು ಓಡಿದವು. ಒಂದರಿಂದ ಇನ್ನೊಂದಕ್ಕೆ ಸರಕು ದಾಟಬೇಕಾದರೆ ಹಮಾಲರ ಬೆನ್ನೇ ಸೇತುವೆ.

ಬಾರ್ಶಿಯ ಕಿರುಹಳಿಯನ್ನು ಕಲ್ಪಿಸಿದವನು ಎವೆರಾರ್ಡ್ ಕ್ಯಾಲ್ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರಿಗೆಂದು ಭಾರತಕ್ಕೆ ಬಂದವನು ಆತ. ಪ್ರತಿಯೊಂದು ಗಾಲಿಯ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್ನನ್ನೂ ಡಬ್ಬಿಗಳನ್ನೂ ರಚಿಸಿದರೆ, ಹಗುರವಾದ ಕಂಬಿಗಳ ಮೇಲೆಯೇ ಬಹಳಷ್ಟು ಸರಕನ್ನು ಸಾಗಿಸಬಹುದು ಎಂಬುದು ಅವನ ತರ್ಕ. ಕಂಬಿ ಹಗುರವಾದರೆ ವೆಚ್ಚ ಇಳಿಯುತ್ತದೆ. ವೆಚ್ಚ ಇಳಿದರೆ ಬಡ ಪ್ರದೇಶಕ್ಕೂ ರೈಲು ಬರುತ್ತದೆ. 1897ರಲ್ಲಿ ಬಾರ್ಶಿ ರೋಡಿನಿಂದ ಬಾರ್ಶಿಗೆ ಗಾಡಿ ಓಡಿತು. 1906ರಲ್ಲಿ ಅದು ಪಂಢರಪುರವನ್ನೂ, 1911ರಲ್ಲಿ ಲಾತೂರನ್ನೂ, 1927ರಲ್ಲಿ ಮಿರಜವನ್ನೂ ಸೇರಿತು. ಒಟ್ಟು ಉದ್ದ ಸುಮಾರು 325 ಕಿಲೋಮೀಟರ್.

ಈ ಹಳಿ ದಾಟಿದ ನೆಲದಲ್ಲಿ ಬ್ರಿಟಿಷರ ಜಿಲ್ಲೆಗಳಿದ್ದವು, ಸಂಸ್ಥಾನಗಳಿದ್ದವು, ಲಾತೂರಿನ ಕಡೆಗೆ ನಿಜಾಮನ ಸೀಮೆಯಿತ್ತು. ಡಬ್ಬಿಯೊಳಗೆ ಮಾತ್ರ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಹಲಗೆಯ ಮೇಲೆ ಒತ್ತಿಕೊಂಡು ಕುಳಿತಿರುತ್ತಿದ್ದವು. ಹರಿದಾಸರ ಪದಗಳಲ್ಲಿ ನೆಲೆಸಿದ ವಿಠಲನನ್ನು ಕಾಣಲು ಆಷಾಢ, ಕಾರ್ತಿಕ ಏಕಾದಶಿಗಳಿಗೆ ಹೊರಟ ಕನ್ನಡ ಭಕ್ತರಿಗೆ ಪಂಢರಪುರದ ಕಿರುಗಾಡಿ ದೇವರಷ್ಟೇ ಪರಿಚಿತವಾಗಿತ್ತು. 1954ರ ಜನವರಿ 1ರಂದು ಈ ಮಾರ್ಗವು ಸರ್ಕಾರದ ವಶಕ್ಕೆ ಬಂದಿತು. ದೇಶವಿಡೀ ಹಳಿಗಳನ್ನು ಒಂದೇ ಅಳತೆಗೆ ತರುವ ಯೋಜನೆ 1992ರಲ್ಲಿ ಆರಂಭವಾದ ನಂತರ ಕಿರುಹಳಿಯ ಕಾಲ ಮುಗಿಯುತ್ತ ಬಂದಿತು. ಈ ಶತಮಾನದ ಮೊದಲ ಹತ್ತು-ಹನ್ನೆರಡು ವರ್ಷಗಳಲ್ಲಿ ಅದು ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು; ಗದಗಿನ ಮೀಟರ್‌ಗೇಜ್ ಸಹ ಅದೇ ಅವಧಿಯಲ್ಲಿ ಬದಲಾಯಿತು.

ಇಂಥ ಹಳಿಗಳ ನೆನಪನ್ನು ಉಳಿಸುವವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ತಿಳಿಯಲು ನಮ್ಮ ಶಾಲೆಯ ಕೆಲವು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ ನೀಲಗಿರಿಯಲ್ಲಿ ನಡೆದ ರೈಲು ಚರಿತ್ರೆಯ ಆಸಕ್ತರ ಸಮ್ಮೇಳನವೊಂದಕ್ಕೆ ಹೋಗಿದ್ದೆವು. ಬಂದವರಲ್ಲಿ ನಿವೃತ್ತ ಚಾಲಕರಿದ್ದರು, ಬ್ಯಾಂಕಿನ ಗುಮಾಸ್ತರಿದ್ದರು, ಕಾಲೇಜಿನ ಹುಡುಗರಿದ್ದರು. ಹಳೆಯ ವೇಳಾಪಟ್ಟಿ, ದಪ್ಪ ರಟ್ಟಿನ ಪುಟ್ಟ ಟಿಕೆಟ್ಟು, ಹಿತ್ತಾಳೆಯ ಬಿಲ್ಲೆ, ಸಿಗ್ನಲ್ ದೀಪ—ಇವೆಲ್ಲ ಅವರ ಕೈಯಲ್ಲಿ ಚರಿತ್ರೆಯ ಆಕರಗಳಾಗಿದ್ದವು. ಒಂದು ಟಿಕೆಟ್ಟಿನ ದರದಿಂದ ಅಂದಿನ ಕೂಲಿಯವನು ಎಷ್ಟು ದೂರ ಪ್ರಯಾಣ ಮಾಡಬಲ್ಲನಾಗಿದ್ದನೆಂದು ಅಳೆಯುವ ಅವರ ರೀತಿ ನಮ್ಮನ್ನು ಆಕರ್ಷಿಸಿತು.

ಸಮ್ಮೇಳನದ ಅಂಗವಾಗಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಉಗಿಬಂಡಿಯ ಪ್ರಯಾಣವಿತ್ತು. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ತೆರೆದ ಈ ಮಾರ್ಗದ ಉದ್ದ ಸುಮಾರು 46 ಕಿಲೋಮೀಟರ್; 326 ಮೀಟರ್ ಎತ್ತರದಿಂದ 2,203 ಮೀಟರಿಗೆ ಏರುತ್ತದೆ. 208 ತಿರುವುಗಳು, 16 ಸುರಂಗಗಳು, 250 ಸೇತುವೆಗಳು. ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರುವ ಕಡಿದಾದ ಭಾಗದಲ್ಲಿ ಎರಡು ಕಂಬಿಗಳ ನಡುವೆ ಹಲ್ಲಿನ ಪಟ್ಟಿಗಳಿವೆ. ಎಂಜಿನ್ನಿನ ಹಲ್ಲುಗಾಲಿ ಅವುಗಳಲ್ಲಿ ಕಚ್ಚಿಕೊಂಡು ಹತ್ತುತ್ತದೆ. ಎಂಜಿನ್ ಹಿಂದಿನಿಂದ ದೂಡುತ್ತದೆ. ಪ್ರತಿ ಡಬ್ಬಿಯ ಮುಂದೆ ನಿಂತ ಬ್ರೇಕಿನ ಕೆಲಸಗಾರ ಚಾಲಕನ ಸೀಟಿಗೆ ಕಿವಿಗೊಟ್ಟು ತನ್ನ ಬ್ರೇಕು ಹಿಡಿಯುತ್ತಾನೆ. ಹಿಲ್‌ಗ್ರೋವ್‌ನಲ್ಲಿ ಗಾಡಿ ನೀರು ಕುಡಿಯಲು ನಿಂತಾಗ, ತೊಂಬತ್ತು ಮೆಟ್ಟಿಲು ಏರಿದ ಮುದುಕನಂತೆ ಎಂಜಿನ್ ಏದುಸಿರು ಬಿಡುತ್ತಿತ್ತು.

2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಡಾರ್ಜಿಲಿಂಗಿನ ಹಳಿಗೆ ಆ ಗೌರವ 1999ರಲ್ಲಿಯೇ ದೊರೆತಿತ್ತು. ಗಿರಿಧಾಮದ ಹಳಿ ಉಳಿಯಲು ಪ್ರವಾಸಿಗರ ಆಸೆ ನೆರವಾಯಿತು. ಬರದ ನಾಡಿನಲ್ಲಿ ಹತ್ತಿ, ಜೋಳ, ಭಕ್ತರನ್ನು ಹೊತ್ತ ಹಳಿಗೆ ಅಂಥ ಬೆಂಬಲಿಗರಿರಲಿಲ್ಲ. ಎಂಜಿನಿಯರಿಂಗಿನ ದೃಷ್ಟಿಯಿಂದ ಬಾರ್ಶಿಯ ಹಳಿ ಕಡಿಮೆಯದಾಗಿರಲಿಲ್ಲ. ಅದೇ ಅಳತೆಯನ್ನೂ ಅದೇ ವಿಚಾರಗಳನ್ನೂ ಬಳಸಿ ಕ್ಯಾಲ್ಥ್ರಾಪ್ ಇಂಗ್ಲೆಂಡಿನಲ್ಲಿ ಲೀಕ್ ಅಂಡ್ ಮ್ಯಾನಿಫೋಲ್ಡ್ ಎಂಬ ಕಿರುಮಾರ್ಗವನ್ನು ಕಟ್ಟಿದ. 1904ರಲ್ಲಿ ತೆರೆದ ಆ ಮಾರ್ಗ 1934ರಲ್ಲಿ ಮುಚ್ಚಿತು. ಆದರೆ ಅದರ ಹಾದಿಯನ್ನು ಅಲ್ಲಿಯ ಜನ ನಡಿಗೆಯ ದಾರಿಯಾಗಿ ಉಳಿಸಿಕೊಂಡಿದ್ದಾರೆ. ವೇಲ್ಸಿನ ಟಾಲಿಲಿನ್ ಎಂಬ ಕಲ್ಲುಗಣಿಯ ಕಿರುಹಳಿ ನಿಂತುಹೋಗುವ ಹಂತದಲ್ಲಿದ್ದಾಗ, 1950ರ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಲೇಖಕ ಎಲ್.ಟಿ.ಸಿ. ರೋಲ್ಟ್ ಮತ್ತು ಗೆಳೆಯರು ಸಭೆ ಸೇರಿದರು. ಮರುವರ್ಷವೇ ಸ್ವಯಂಸೇವಕರು ಅದನ್ನು ಓಡಿಸತೊಡಗಿದರು. ಜನರೇ ಉಳಿಸಿ ನಡೆಸಿದ ರೈಲುಗಳಲ್ಲಿ ಜಗತ್ತಿಗೆ ಅದೇ ಮೊದಲನೆಯದು.

ಕಿರುಹಳಿಯನ್ನು ಕಿತ್ತದ್ದು ತಪ್ಪೆಂದು ನಾವು ವಾದಿಸುವುದಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಉದ್ಯೋಗಕ್ಕೆ ಹೋಗುವವರಿಗೆ ವೇಗದ ಗಾಡಿ ಬೇಕು. ಒಂದೇ ಅಳತೆಯ ಹಳಿಯಿಂದ ಹಮಾಲರ ಬೆನ್ನಿನ ಭಾರವೂ ಇಳಿದಿದೆ. ಆದರೆ ಹಳಿ ಹೋದೊಡನೆ ಅದರ ಕನ್ನಡದ ನೆನಪೂ ಹೋಗಬೇಕಾಗಿಲ್ಲ. ಬಾರ್ಶಿ ರೈಲಿನ ವಿಚಾರ ಇಂಗ್ಲಿಷಿನಲ್ಲಿ ಬರೆದಿಡಲ್ಪಟ್ಟಿರುವುದು ಬಹುಮಟ್ಟಿಗೆ ಕಂಪನಿಯ, ಎಂಜಿನ್ನುಗಳ, ಷೇರುದಾರರ ಕಥೆ. ಗ್ಯಾಂಗಿನಲ್ಲಿ ದುಡಿದವರು, ನಿಲ್ದಾಣದಲ್ಲಿ ಚಹಾ ಮಾರಿದವರು, ಮೂರನೆಯ ದರ್ಜೆಯಲ್ಲಿ ತವರಿಗೆ ಹೋಗಿಬಂದ ಹೆಣ್ಣುಮಕ್ಕಳು ಅದರಲ್ಲಿ ಕಾಣಸಿಗುವುದು ವಿರಳ. ಅವರ ಮಾತು ನಮ್ಮ ಮನೆಗಳಲ್ಲಿ, ನಮ್ಮ ನುಡಿಯಲ್ಲಿದೆ. ಆ ನುಡಿಯಲ್ಲಿ ಓದಬರೆಯಬಲ್ಲ ಮಕ್ಕಳನ್ನು ಈ ಭಾಗದಲ್ಲಿ ಸಿದ್ಧಗೊಳಿಸುವುದು ನಮ್ಮಂಥ ಶಾಲೆಗಳೇ.

ಆದುದರಿಂದ ಶತಮಾನೋತ್ಸವದ ನೆನಪಿಗೆ ಒಂದು ಸಣ್ಣ ಕೆಲಸವನ್ನು ಪಾಲಕರ, ಹಳೆಯ ವಿದ್ಯಾರ್ಥಿಗಳ ಮುಂದಿಡುತ್ತೇವೆ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಟಿಕೆಟ್ಟು, ಪಾಸು, ನೌಕರಿಯ ಪತ್ರ, ಭಾವಚಿತ್ರಗಳಿದ್ದರೆ ಶಾಲೆಗೆ ಒಂದು ದಿನದ ಮಟ್ಟಿಗೆ ತನ್ನಿರಿ. ಪ್ರತಿ ತೆಗೆದುಕೊಂಡು ಹಿಂದಿರುಗಿಸೋಣ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಅಜ್ಜ-ಅಜ್ಜಿಯರ ಬಳಿ ಕುಳಿತು ಮೂರು ಪ್ರಶ್ನೆ ಕೇಳಲಿ: ಮೊದಲ ಸಲ ರೈಲು ಹತ್ತಿದ್ದು ಎಲ್ಲಿ, ಜೊತೆಗಿದ್ದವರು ಯಾರು, ನಿಲ್ದಾಣದಿಂದ ಊರಿಗೆ ತಲುಪಿದ್ದು ಹೇಗೆ? ಉತ್ತರವನ್ನು ಅವರಾಡುವ ಕನ್ನಡದಲ್ಲಿಯೇ, ತಿದ್ದದೆ ಬರೆದಿಡಲಿ. ಊರು, ವರ್ಷ, ಹೇಳಿದವರ ವಯಸ್ಸು ಇಷ್ಟನ್ನು ನಮೂದಿಸಿದರೆ ಸಾಕು. ಕಿರುಗಾಡಿಯಲ್ಲಿ ಕುಳಿತು ಪಂಢರಪುರಕ್ಕೆ ಹೋಗಿಬಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು.